ಕೊಳದ ಪಾಚಿಗೆ ಮೈಲುತುತ್ತ: ಕೈಯಳತೆ ಬೇಡ

ನೀರು ಹಸಿರಾದ ಕೂಡಲೇ ಒಂದೆರಡು ಹಿಡಿ ಮೈಲುತುತ್ತ (ತಾಮ್ರದ ಸಲ್ಫೇಟ್ ಹರಳು) ಎರಚಿ ಬರುವವರನ್ನು ಬೇಕಾದಷ್ಟು ನೋಡಿದ್ದೇನೆ. ಎರಡು ದಿನ ಕಳೆದರೆ ಪಾಚಿಯ ಜೊತೆ ಮೀನೂ ಸತ್ತು ತೇಲುತ್ತಿರುತ್ತದೆ.

ಮೊದಲು, ಕೈಗೆ ಸಿಗುವ ಎಳೆಪಾಚಿಯನ್ನು ಕೋಲಿಗೆ ಸುತ್ತಿ ಎಳೆದು ದೂರ ಹಾಕಿ. ದಡದಲ್ಲೇ ಬಿಟ್ಟರೆ ಕೊಳೆತು ಮತ್ತೆ ನೀರಿಗೇ ಗೊಬ್ಬರ.

ಎರಡನೆಯದು ಲೆಕ್ಕ. ಎಡವುವುದು ಇಲ್ಲೇ. ಉದ್ದ, ಅಗಲ, ಸರಾಸರಿ ಆಳ ಮೂರನ್ನೂ ಮೀಟರಿನಲ್ಲಿ ಗುಣಿಸಿ. ಆಳಕ್ಕೆ ಐದಾರು ಕಡೆ ಕೋಲು ಇಳಿಸಿ ನೋಡಿ. ನಡುವಿನ ಗುಂಡಿಯದೊಂದನ್ನೇ ಹಿಡಿದರೆ ಮದ್ದು ಜಾಸ್ತಿಯಾಗುತ್ತದೆ. ಆಮೇಲೆ ನೀರಿನ ಆಲ್ಕಲಿನಿಟಿ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿ, ಪರೀಕ್ಷಿಸಿ. ಇದನ್ನೂ ಪಿಎಚ್ ಅನ್ನೂ ಒಂದೇ ಅಂದುಕೊಳ್ಳುವವರು ಬಹಳ. ಎರಡೂ ಬೇರೆ. ಬಂದ ಆಲ್ಕಲಿನಿಟಿ ಅಂಕಿಯನ್ನು (ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) 100ರಿಂದ ಭಾಗಿಸಿದರೆ ಒಂದು ಘನ ಮೀಟರ್ ನೀರಿಗೆ ಎಷ್ಟು ಗ್ರಾಂ ಮೈಲುತುತ್ತ ಎಂದು ಸಿಗುತ್ತದೆ. 20 ಮೀಟರ್ ಉದ್ದ, 10 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಕೊಳ ಅಂದರೆ 300 ಘನ ಮೀಟರ್. ಆಲ್ಕಲಿನಿಟಿ 100 ಇದ್ದರೆ ಇಡೀ ಕೊಳಕ್ಕೆ 300 ಗ್ರಾಂ ಸಾಕು. ಅಂಕಿ 50ಕ್ಕಿಂತ ಕಡಿಮೆ ಬಂತಾ? ಮೈಲುತುತ್ತದ ಆಸೆ ಬಿಡಿ. ಅಂಥ ಮೆದು ನೀರಿನಲ್ಲಿ ತಾಮ್ರ ಮೀನಿಗೆ ವಿಷ.

ಮೂರನೆಯದು, ಮದ್ದನ್ನು ನೀರಿನಲ್ಲಿ ಕರಗಿಸುವುದು. ಪ್ಲಾಸ್ಟಿಕ್ ಬಕೆಟ್ಟೇ ಬೇಕು, ಕಬ್ಬಿಣ ತಿಂದುಹೋಗುತ್ತದೆ. ಕೈಗವಸು, ಕನ್ನಡಕ ಇರಲಿ. ಹರಳನ್ನು ಹಾಗೇ ಎಸೆದರೆ ಸುಮ್ನೆ ತಳದ ಕೆಸರು ಸೇರುತ್ತದೆ.

ಬಿಸಿಲಿರುವ ದಿನ ಬೆಳಿಗ್ಗೆ, ಕೊಳದ ಮೂರನೇ ಒಂದು ಭಾಗಕ್ಕೆ ಮಾತ್ರ ಸಿಂಪಡಿಸಿ. ನಮ್ಮ ಲೆಕ್ಕದಲ್ಲಿ ಅದು 100 ಗ್ರಾಂ. ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ. ಮದ್ದಿನಿಂದ ಉಳಿದ ಮೀನು ಉಸಿರುಕಟ್ಟಿ ಸಾಯುವುದು ಹೀಗೇ, ಅದೂ ಹೆಚ್ಚಾಗಿ ನಸುಕಿನಲ್ಲಿ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಪಂಪ್ ಹಾಕಿ ನೀರನ್ನು ಮೇಲಿನಿಂದ ಚಿಮ್ಮಿಸಿ. ಉಳಿದ ಭಾಗಗಳಿಗೆ ಎರಡೆರಡು ವಾರ ಬಿಟ್ಟು ಹಾಕಿದರಾಯಿತು.

ಬ್ಲೀಚಿಂಗ್ ಪೌಡರ್ ಅಗ್ಗ ಅಲ್ವಾ ಅಂತ ಕೇಳುವವರಿದ್ದಾರೆ. ಮೀನಿರುವ ಕೊಳಕ್ಕೆ ನಾನಂತೂ ಹಾಕಲು ಬಿಡುವುದಿಲ್ಲ. ಎಷ್ಟು ತಾಮ್ರ ಇದೆ ಎಂದು ಬರೆಯದ ಬಾಟಲಿ ಮದ್ದನ್ನೂ ಅಷ್ಟೇ.

ನೀರಿನ ಮೇಲೆ ಬಣ್ಣ ಚೆಲ್ಲಿದಂಥ ನೀಲಿಹಸಿರು ಕೆನೆ ಕಟ್ಟಿದ್ದರೆ ಮದ್ದು ಮುಟ್ಟಲೇಬೇಡಿ. ಆ ಪಾಚಿ ಸಾಯುವಾಗ ಒಡಲಲ್ಲಿರುವ ವಿಷವನ್ನೆಲ್ಲ ನೀರಿಗೆ ಬಿಡಬಹುದು. ದನ, ನಾಯಿಗಳನ್ನು ಅತ್ತ ಬಿಡಬೇಡಿ.