ಬಳಕೆದಾರ ಇದ್ದಾರೆ, ಸರ್ವರ್ ಇಲ್ಲ ಎನ್ನುತ್ತಿದೆ: ಎನ್‌ಎಸ್‌ಸಿಡಿ ಹತೋಟಿಗೆ ತರುವುದು ಹೇಗೆ?

ಬಳಕೆದಾರರ ವಿವರಗಳನ್ನು ಒಂದೇ ಕಡೆ ಇಡುವ ಡೈರೆಕ್ಟರಿಯಾದ ಎಲ್‌ಡ್ಯಾಪ್‌ಗೆ ಹೊಸ ಬಳಕೆದಾರರನ್ನು ಸೇರಿಸಿ ಆಗಿದೆ. ಸರ್ವರ್ ಮಾತ್ರ ‘ಅಂಥವರು ಯಾರೂ ಇಲ್ಲ’ ಎನ್ನುತ್ತಿದೆ. ಗುಂಪಿನಿಂದ ತೆಗೆದವರಿಗೆ ಫೋಲ್ಡರ್ ಇನ್ನೂ ತೆರೆದುಕೊಳ್ಳುತ್ತಿದೆ. ಲಿನಕ್ಸ್ ಯಂತ್ರದಲ್ಲಿ ಹೀಗೆ ಹಳಸಲು ಉತ್ತರ ಸಿಕ್ಕರೆ ಎನ್‌ಎಸ್‌ಸಿಡಿ (ನೇಮ್ ಸರ್ವಿಸ್ ಕ್ಯಾಶ್ ಡೀಮನ್) ಓಡುತ್ತಿದೆಯೇ ನೋಡಿ. ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿ ಯೋಜನೆಯ ಈ ಡೀಮನ್ ಹಿನ್ನೆಲೆಯಲ್ಲಿದ್ದುಕೊಂಡು ಬಳಕೆದಾರರು, ಗುಂಪುಗಳು, ಹೋಸ್ಟ್‌ಗಳು, ಸರ್ವಿಸ್‌ಗಳು, ನೆಟ್‌ಗ್ರೂಪ್‌ಗಳು ಎಂಬ ಐದು ಬಗೆಯ ಹುಡುಕಾಟದ ಉತ್ತರಗಳನ್ನು ಕ್ಯಾಶ್‌ನಲ್ಲಿ, ಅಂದರೆ ತಾತ್ಕಾಲಿಕ ಸಂಗ್ರಹದಲ್ಲಿ, ಇಟ್ಟುಕೊಳ್ಳುತ್ತದೆ. ಪಾಸ್‌ವರ್ಡ್‌ಗಳಿಗೆ ಸಂಬಂಧಿಸಿದ ಶ್ಯಾಡೋ ಮಾಹಿತಿಯನ್ನು ಬೇಕೆಂದೇ ಇಟ್ಟುಕೊಳ್ಳುವುದಿಲ್ಲ.

ಮೊದಲು ತಪ್ಪು ಎಲ್ಲಿದೆ ನೋಡಿ

ಕ್ಯಾಶ್ ಖಾಲಿ ಮಾಡುವ ಮುನ್ನ ಒಂದೇ ಪ್ರಶ್ನೆಯನ್ನು ಎರಡು ದಾರಿಯಲ್ಲಿ ಕೇಳಿ. ‘ಗೆಟ್‌ಎಂಟ್’ ಆಜ್ಞೆಗೆ ಬಳಕೆದಾರರ ಹೆಸರು ಕೊಟ್ಟರೆ ಅದು ಇತರ ಪ್ರೋಗ್ರಾಮ್‌ಗಳಂತೆ ಕ್ಯಾಶ್ ಮೂಲಕವೇ ಹೋಗುತ್ತದೆ. ‘ಎಲ್‌ಡ್ಯಾಪ್‌ಸರ್ಚ್’ ನೇರವಾಗಿ ಡೈರೆಕ್ಟರಿ ಸರ್ವರನ್ನು ಕೇಳುತ್ತದೆ. ಎರಡನೆಯದು ಹೊಸದು ಹೇಳಿ ಮೊದಲನೆಯದು ಹಳೆಯದು ಹೇಳಿದರೆ ಕ್ಯಾಶನ್ನು ಅನುಮಾನಿಸಬಹುದು. ಎರಡೂ ಹಳೆಯದನ್ನೇ ಹೇಳಿದರೆ ತೊಂದರೆ ಡೈರೆಕ್ಟರಿಯಲ್ಲಿದೆ; ಇಲ್ಲಿ ಎಷ್ಟು ಸಲ ಕ್ಯಾಶ್ ಅಳಿಸಿದರೂ ಅಷ್ಟೇ. ಹೆಸರು ಕೊಡದೆ ಗೆಟ್‌ಎಂಟ್‌ನಿಂದ ಇಡೀ ಪಟ್ಟಿ ತೆಗೆದು ಹೋಲಿಸಬೇಡಿ. ಪಟ್ಟಿ ಓದುವುದು ಕ್ಯಾಶ್ ಮೂಲಕ ನಡೆಯುವುದಿಲ್ಲ, ಹಾಗಾಗಿ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಹೋಸ್ಟ್ ಹೆಸರಿನ ವಿಷಯದಲ್ಲಿ ‘ಡಿಗ್’ ಕೂಡ ಇದೇ ಮೋಸ ಮಾಡುತ್ತದೆ: ಅದು ಎನ್‌ಎಸ್‌ಸಿಡಿಯನ್ನು ದಾಟಿ ನೇರ ಡಿಎನ್‌ಎಸ್‌ಗೆ ಹೋಗುತ್ತದೆ.

ಬೇಕಾದ ಕೋಷ್ಟಕ ಮಾತ್ರ ಅಳಿಸಿ

ರೂಟ್ ಆಗಿ ಎನ್‌ಎಸ್‌ಸಿಡಿ ಆಜ್ಞೆಗೆ ಚಿಕ್ಕಕ್ಷರದ ‘ಐ’ ಆಯ್ಕೆ ಕೊಟ್ಟು, ಮುಂದೆ ಕೋಷ್ಟಕದ ಹೆಸರು ಬರೆಯಿರಿ. ಬಳಕೆದಾರರದು ಬೇರೆ ಕೋಷ್ಟಕ, ಗುಂಪಿನದು ಬೇರೆ. ಗುಂಪಿನ ಸದಸ್ಯತ್ವ ಬದಲಾಗಿದ್ದಾಗ ಬಳಕೆದಾರರ ಕೋಷ್ಟಕ ಅಳಿಸಿ ‘ಏನೂ ಆಗಲಿಲ್ಲ’ ಎನ್ನುವವರು ಬಹಳ. ಆಮೇಲೂ ಒಂದು ತೊಡಕಿದೆ. ಈಗಾಗಲೇ ಲಾಗಿನ್ ಆಗಿರುವವರ ಪ್ರಾಸೆಸ್‌ಗಳು ಲಾಗಿನ್ ಸಮಯದ ಗುಂಪುಗಳನ್ನೇ ಹಿಡಿದುಕೊಂಡಿರುತ್ತವೆ. ಅವರು ಹೊರಗೆ ಹೋಗಿ ಮತ್ತೆ ಲಾಗಿನ್ ಆಗಲೇಬೇಕು. ಇದಕ್ಕೂ ಕ್ಯಾಶ್‌ಗೂ ಸಂಬಂಧವಿಲ್ಲ.

ಸೇವೆಯನ್ನು ರೀಸ್ಟಾರ್ಟ್ ಮಾಡಿದರೆ ಕ್ಯಾಶ್ ಖಾಲಿಯಾಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಕಾನ್ಫಿಗ್ ಫೈಲಿನಲ್ಲಿ ‘ಪರ್ಸಿಸ್ಟೆಂಟ್’ ಸಾಲು ‘ಯೆಸ್’ ಆಗಿದ್ದರೆ ಉತ್ತರಗಳು ಡಿಸ್ಕ್‌ನಲ್ಲಿ ಉಳಿದು, ರೀಸ್ಟಾರ್ಟ್ ಆದ ಮೇಲೂ ಹಳೆಯದೇ ಸಿಗಬಹುದು. ರೀಸ್ಟಾರ್ಟ್ ಬೇಕಾಗುವುದು ಎನ್‌ಎಸ್‌ಸಿಡಿ ಅಥವಾ ಎನ್‌ಎಸ್‌ಸ್ವಿಚ್ (ಹೆಸರುಗಳನ್ನು ಎಲ್ಲೆಲ್ಲಿ ಹುಡುಕಬೇಕೆಂದು ಹೇಳುವ) ಕಾನ್ಫಿಗ್ ಫೈಲನ್ನು ತಿದ್ದಿದಾಗ.

ಅವಧಿ ಎಷ್ಟಿರಲಿ?

ಜಿಲಿಬ್‌ಸಿ ಜೊತೆ ಬರುವ ಮಾದರಿ ಕಾನ್ಫಿಗ್ ಫೈಲಿನಲ್ಲಿ ಬಳಕೆದಾರರ ಉತ್ತರಕ್ಕೆ 600 ಸೆಕೆಂಡ್, ಗುಂಪಿಗೆ 3600, ಸರ್ವಿಸ್‌ಗಳಿಗೆ 28800 ಸೆಕೆಂಡ್ ಆಯಸ್ಸು. ‘ಇಲ್ಲ’ ಎಂಬ ಉತ್ತರಕ್ಕೂ ಆಯಸ್ಸುಂಟು: ಬಳಕೆದಾರರಿಗೆ 20 ಸೆಕೆಂಡ್, ಗುಂಪಿಗೆ 60. ಖಾತೆ ತೆರೆಯುವ ಮೊದಲೇ ಯಾವುದೋ ಸ್ಕ್ರಿಪ್ಟ್ ಆ ಹೆಸರನ್ನು ಕೇಳಿದ್ದರೆ, ಈ ‘ಇಲ್ಲ’ವೇ ಕ್ಯಾಶ್‌ನಲ್ಲಿ ಕುಳಿತಿರುತ್ತದೆ. ಲೋಡ್ ಕಡಿಮೆ ಮಾಡುವ ಆಸೆಗೆ ಈ ಅಂಕಿಯನ್ನು ಹಿಗ್ಗಿಸಬೇಡಿ. ಸಾಲದಿದ್ದರೆ ‘ಇದೆ’ ಎಂಬುದರ ಅವಧಿಯನ್ನು ಹೆಚ್ಚಿಸಿ. ಗುಂಪಿನ ಮೂಲಕ ಅನುಮತಿ ಕೊಡುವ ಕಡೆ ಮಾತ್ರ 3600 ತೀರಾ ಉದ್ದ, 300ರಿಂದ 600 ಸಾಕು.

‘ರಿಲೋಡ್-ಕೌಂಟ್’ನ ರೂಢಿಯ ಬೆಲೆ 5. ಅವಧಿ ಮುಗಿದ ಉತ್ತರವನ್ನು ಯಾರೂ ಕೇಳದಿದ್ದರೂ ಡೀಮನ್ ಅಷ್ಟು ಸಲ ತಾನೇ ಹೊಸದಾಗಿ ತರುತ್ತದೆ, ಆಮೇಲೆ ಬಿಡುತ್ತದೆ. ರಾತ್ರಿ ಯಾರೂ ಕೆಲಸದಲ್ಲಿಲ್ಲದಾಗಲೂ ಎಲ್‌ಡ್ಯಾಪ್ ಲಾಗ್‌ನಲ್ಲಿ ಪ್ರಶ್ನೆಗಳು ಕಂಡರೆ ಇದೂ ಒಂದು ಕಾರಣ. ‘ಸಜೆಸ್ಟೆಡ್-ಸೈಜ್’ನ 211 ಎಂಬುದು ಒಳಗಿನ ಹ್ಯಾಶ್ ಕೋಷ್ಟಕದ ಗಾತ್ರ. ಬದಲಾಯಿಸುವುದಾದರೆ ಇನ್ನೊಂದು ಅವಿಭಾಜ್ಯ ಸಂಖ್ಯೆಯನ್ನೇ ಹಾಕಿ. ‘ಚೆಕ್-ಫೈಲ್ಸ್’ ಯೆಸ್ ಇರಲಿ; ಯಂತ್ರದೊಳಗಿನ ಫೈಲು ಬದಲಾದರೆ ಕ್ಯಾಶ್ ತಾನೇ ಅಳಿಯುತ್ತದೆ. ಎಲ್‌ಡ್ಯಾಪ್‌ನಲ್ಲಿ ಆದ ಬದಲಾವಣೆ ಅದಕ್ಕೆ ತಿಳಿಯುವುದಿಲ್ಲ.

ಚಿಕ್ಕಕ್ಷರದ ‘ಜಿ’ ಆಯ್ಕೆ ಅಂಕಿಅಂಶ ತೋರಿಸುತ್ತದೆ. ಹಿಟ್ (ಕ್ಯಾಶ್‌ನಿಂದಲೇ ಕೊಟ್ಟ ಉತ್ತರಗಳ ಎಣಿಕೆ) ಕಡಿಮೆ ಕಂಡರೆ ಗಾಬರಿ ಬೇಡ. ‘ಶೇರ್ಡ್’ ಯೆಸ್ ಆಗಿದ್ದಾಗ ಪ್ರೋಗ್ರಾಮ್‌ಗಳು ಹಂಚಿಕೊಂಡ ಮೆಮೊರಿಯಲ್ಲಿ ನೇರ ಓದಿಕೊಳ್ಳುತ್ತವೆ, ಅದು ಡೀಮನ್‌ನ ಲೆಕ್ಕಕ್ಕೆ ಬರುವುದಿಲ್ಲ.

ಎಸ್‌ಎಸ್‌ಎಸ್‌ಡಿ ಇದ್ದರೆ

ಎಲ್‌ಡ್ಯಾಪ್‌ನಂಥ ಕಡೆಯಿಂದ ಬಳಕೆದಾರರ ಮಾಹಿತಿ ತರುವ ಇನ್ನೊಂದು ಡೀಮನ್ ಎಸ್‌ಎಸ್‌ಎಸ್‌ಡಿಗೆ ತನ್ನದೇ ಕ್ಯಾಶ್ ಇದೆ. ಎರಡೂ ಓಡಿದರೆ ಒಂದನ್ನು ಅಳಿಸಿದರೂ ಇನ್ನೊಂದು ಹಳೆಯದನ್ನೇ ಕೊಡುತ್ತದೆ. ಯಾವುದು ಸುಳ್ಳು ಹೇಳುತ್ತಿದೆ ಎಂದು ಪತ್ತೆಹಚ್ಚುವುದೇ ದಿನದ ಕೆಲಸವಾಗುತ್ತದೆ. ಎನ್‌ಎಸ್‌ಸಿಡಿಯಲ್ಲಿ ಬಳಕೆದಾರ, ಗುಂಪು, ಸರ್ವಿಸ್, ನೆಟ್‌ಗ್ರೂಪ್‌ಗಳ ‘ಎನೇಬಲ್-ಕ್ಯಾಶ್’ ಸಾಲನ್ನು ‘ನೋ’ ಮಾಡಿ, ಬೇಕಿದ್ದರೆ ಹೋಸ್ಟ್‌ಗಳನ್ನು ಮಾತ್ರ ಬಿಡಿ. ಹೋಸ್ಟ್‌ಗೂ ಸ್ಥಳೀಯ ಡಿಎನ್‌ಎಸ್ ಕ್ಯಾಶ್ ಇದ್ದರೆ ಎನ್‌ಎಸ್‌ಸಿಡಿಯನ್ನೇ ನಿಲ್ಲಿಸುವುದು ಒಳ್ಳೆಯದು.

ಡೀಮನ್ ಪದೇಪದೇ ಬೀಳುತ್ತಿದ್ದರೆ ಡಿಸ್ಕ್‌ನಲ್ಲಿರುವ ಕ್ಯಾಶ್ ಫೈಲು ಕೆಟ್ಟಿರಬಹುದು. ಸೇವೆ ನಿಲ್ಲಿಸಿ, ಆ ಫೈಲುಗಳನ್ನು ಅಳಿಸಿ, ಮತ್ತೆ ಶುರು ಮಾಡಿ. ಡೆಬಿಯನ್‌ನಲ್ಲಿ ಅವು ‘ವಾರ್’ (/var) ಡೈರೆಕ್ಟರಿಯ ಕ್ಯಾಶ್ ಫೋಲ್ಡರ್‌ನಲ್ಲೂ, ರೆಡ್ ಹ್ಯಾಟ್‌ನಲ್ಲಿ ಡಿಬಿ ಫೋಲ್ಡರ್‌ನಲ್ಲೂ ಎನ್‌ಎಸ್‌ಸಿಡಿ ಹೆಸರಿನ ಒಳಫೋಲ್ಡರ್‌ನಲ್ಲಿ ಇರುತ್ತವೆ. ಓಡುತ್ತಿರುವಾಗ ಅಳಿಸಬೇಡಿ. ಮತ್ತೆ ಬಿದ್ದರೆ ಚಿಕ್ಕಕ್ಷರದ ‘ಡಿ’ ಆಯ್ಕೆಯೊಂದಿಗೆ ಡಿಬಗ್ ಸ್ಥಿತಿಯಲ್ಲಿ ಓಡಿಸಿ. ಯಾವ ಹೆಸರಿನ ಹುಡುಕಾಟ ನಡೆಯುವಾಗ ಬೀಳುತ್ತದೆ ಎಂಬುದು ಪರದೆಯ ಕೊನೆಯ ಸಾಲುಗಳಲ್ಲಿ ಸಿಗುತ್ತದೆ.