ಊಟಿ ದಾರಿಯಲ್ಲಿ ಹೊಟ್ಟೆ ಮತ್ತು ಹೊತ್ತು

ಮೇ ತಿಂಗಳ ರಜೆಯಲ್ಲಿ ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ, ಮುದುಮಲೆಯ ಮಾರ್ಗವಾಗಿ ಊಟಿಗೆ ಕಾರಿನಲ್ಲಿ ಹೊರಡುವವರು ಎಲ್ಲಿ ಉಳಿಯಬೇಕು, ಏನೇನು ನೋಡಬೇಕು ಎಂಬುದನ್ನೇ ವಾರಗಟ್ಟಲೆ ಚರ್ಚಿಸುತ್ತಾರೆ. ನಾನು ಕಂಡಂತೆ ಈ ಪ್ರಯಾಣವನ್ನು ಕೆಡಿಸುವುದು ಎರಡೇ ಸಂಗತಿ: ಹೊಟ್ಟೆ ಮತ್ತು ಹೊತ್ತು.

ಬಂಡೀಪುರದ ಕಾಡುದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳನ್ನು ಬಿಡುವುದಿಲ್ಲ. 2009ರಿಂದಲೂ ಇದೇ ನಿಯಮ. ಒಮ್ಮೆ ನಾವು ಸಂಜೆ ನಿಧಾನವಾಗಿ ಹೊರಟು, ನಂಜನಗೂಡಿನಲ್ಲಿ ರಸಬಾಳೆ ಕೊಳ್ಳಲು ನಿಂತು, ಗೇಟು ತಲುಪುವ ಹೊತ್ತಿಗೆ ಅದು ಹಾಕಿಯಾಗಿತ್ತು. ಗುಂಡ್ಲುಪೇಟೆಗೆ ಹಿಂದಿರುಗಿ ಕೋಣೆ ಸಿಗದೆ ಕಾರಿನಲ್ಲೇ ಬೆಳಗು ಮಾಡಿದೆವು, ತಪ್ಪು ನಮ್ಮದೇ. ಆದ್ದರಿಂದ ಬೆಳಿಗ್ಗೆ 5ಕ್ಕೆ ಮನೆ ಬಿಡುವುದು, ಹಿಂದಿರುಗುವಾಗ ಮಧ್ಯಾಹ್ನ 3ರೊಳಗೆ ಊಟಿ ಬಿಡುವುದು ಕ್ಷೇಮ. ನೀಲಗಿರಿ ಜಿಲ್ಲೆಗೆ ಹೋಗುವ ಹೊರಗಿನ ವಾಹನಗಳಿಗೆ 2024ರ ಮೇ 7ರಿಂದ ಇ-ಪಾಸ್ ಕಡ್ಡಾಯವಾಗಿದೆ; ಅದನ್ನು ಹಿಂದಿನ ದಿನವೇ ಮಾಡಿಸಿಟ್ಟುಕೊಳ್ಳಬೇಕು. ಪ್ಲಾಸ್ಟಿಕ್ ನೀರಿನ ಬಾಟಲಿಗಳಿಗೂ ಅಲ್ಲಿ ನಿಷೇಧವಿರುವುದರಿಂದ ಸ್ಟೀಲ್ ಬಾಟಲಿಗಳಲ್ಲೇ ನೀರು ತುಂಬಿಕೊಳ್ಳಿರಿ.

ಮಕ್ಕಳಿಗೆ ಹೊರಡುವಾಗ ಹಾಲು ಕುಡಿಸಬಾರದು. ಗೂಡಲೂರು ದಾಟಿ ಘಾಟಿ ಏರುವಾಗ ಆ ಹಾಲು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಎರಡು ಇಡ್ಲಿಗೆ ಚಟ್ನಿಪುಡಿ ಸವರಿ ಕೊಟ್ಟರೆ ಸಾಕು. ವಾಂತಿಯಾಗುವ ಮಗುವನ್ನು ಮುಂದಿನ ರಸ್ತೆ ಕಾಣುವಂತೆ ಹಿಂದಿನ ಸೀಟಿನ ನಡುವೆ ಕೂರಿಸಿ, ಮೊಬೈಲನ್ನು ಕೈಯಿಂದ ತೆಗೆದಿಡಬೇಕು. ಅದಕ್ಕಾಗಿ ಆಗುವ ರಂಪವನ್ನು ಅಜ್ಜಿಯಾದವಳು ಸಹಿಸಿಕೊಳ್ಳಬೇಕಾಗುತ್ತದೆ.

ಮಧ್ಯಾಹ್ನಕ್ಕೆ ಮೊಸರನ್ನಕ್ಕಿಂತ ಒಳ್ಳೆಯ ಬುತ್ತಿಯಿಲ್ಲ, ಆದರೆ ಅದನ್ನು ಬೆಳಿಗ್ಗೆ ಮೊಸರಿನಲ್ಲೇ ಕಲಸಿದರೆ ಊಟದ ಹೊತ್ತಿಗೆ ಹುಳಿ ಬಂದಿರುತ್ತದೆ. ಒಂದು ಪಾವು ಅಕ್ಕಿಯ ಅನ್ನವನ್ನು ಮೆತ್ತಗೆ ಮಾಡಿ, ಬಿಸಿಯಿರುವಾಗಲೇ ಮಸೆದು, ಉಗುರುಬೆಚ್ಚಗಾದ ಮೇಲೆ ಕಾಯಿಸಿ ಆರಿಸಿದ ಅರ್ಧ ಲೀಟರ್ ಹಾಲನ್ನೂ ಎರಡೇ ಚಮಚ ಮೊಸರನ್ನೂ ಸೇರಿಸಿ, ಸಾಸಿವೆ, ಶುಂಠಿ, ಕರಿಬೇವಿನ ಒಗ್ಗರಣೆ ಹಾಕಿ ಮುಚ್ಚಿಟ್ಟರೆ ಅದು ದಾರಿಯಲ್ಲೇ ಹದವಾಗಿ ಹೆಪ್ಪುಗಟ್ಟುತ್ತದೆ. ಈರುಳ್ಳಿ ಬೇಡ. ಡಬ್ಬಿಯನ್ನು ಮುಕ್ಕಾಲು ಭಾಗ ಮಾತ್ರ ತುಂಬಿ, ಗೂಡಲೂರಿನಲ್ಲಿ ಒಮ್ಮೆ ಮುಚ್ಚಳ ತೆರೆದು ಮುಚ್ಚಬೇಕು. ಮೈಸೂರಿನಲ್ಲಿ ಬಿಗಿದ ಡಬ್ಬಿಯ ಒಳಗಿನ ಗಾಳಿ, 2,240 ಮೀಟರ್ ಎತ್ತರದ ಊಟಿಯ ತೆಳುಗಾಳಿಯಲ್ಲಿ ಹಿಗ್ಗಿ ಮುಚ್ಚಳವನ್ನು ಎಬ್ಬಿಸುತ್ತದೆ. ಚಿಪ್ಸ್ ಪೊಟ್ಟಣಗಳು ದಿಂಬಿನಂತೆ ಉಬ್ಬುವುದೂ ಇದರಿಂದಲೇ. ಇದು ತಿಳಿಯದೆ ನಾನು ಒಂದು ರೇಷ್ಮೆ ಸೀರೆಗೆ ಮೊಸರು ಕುಡಿಸಿದ್ದೇನೆ.

ಊಟಿಯಲ್ಲಿ ಉಳಿದುಕೊಳ್ಳುವ ಮನೆಯಲ್ಲಿ ಅಡುಗೆ ಮಾಡುವವರು ಪುಟ್ಟ ಕುಕ್ಕರನ್ನು ಒಯ್ಯಲೇಬೇಕು. ಆ ಎತ್ತರದಲ್ಲಿ ನೀರು ಸುಮಾರು 92-93 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಎಷ್ಟು ಹೊತ್ತಾದರೂ ಕರಗುವುದಿಲ್ಲ. ಸ್ವೆಟರುಗಳು ಪೆಟ್ಟಿಗೆಯ ತಳದಲ್ಲಿರದೆ ಕೈಗೆ ಸಿಗುವಂತಿರಲಿ.

ಕಾಡಿನೊಳಗೆ ಕಾರು ನಿಲ್ಲಿಸಿ ಕೋತಿಗಳಿಗೆ ಬಾಳೆಹಣ್ಣು ಕೊಡುವ ಪುಣ್ಯಕಾರ್ಯವನ್ನು ದಯವಿಟ್ಟು ಮಾಡಬೇಡಿರಿ. ಅದರಿಂದ ಅವು ರಸ್ತೆಗೆ ಬಂದು ಚಕ್ರಕ್ಕೆ ಸಿಕ್ಕುತ್ತವೆ. ಘಾಟಿ ಇಳಿಯುವಾಗ, ಏರಿದ ಗೇರಿನಲ್ಲೇ ಇಳಿಯುವಂತೆ ಕಾರು ಓಡಿಸುವವರಿಗೆ ಹೇಳಬೇಕು. ಬ್ರೇಕನ್ನೇ ತುಳಿಯುತ್ತಿದ್ದರೆ ಅದು ಕಾದು ವಾಸನೆ ಬರುತ್ತದೆ. ಊಟಿಯಲ್ಲಿ ತೊಳೆದು ಬಿಗಿಯಾಗಿ ಮುಚ್ಚಿ ತಂದ ಸ್ಟೀಲ್ ಡಬ್ಬಿಗಳ ಮುಚ್ಚಳ ಮನೆಗೆ ಬಂದ ಮೇಲೆ ಎಷ್ಟು ಎಳೆದರೂ ಬಾರದಿದ್ದರೆ ಸುತ್ತಿಗೆ ಹುಡುಕಬೇಡಿರಿ. ಒಳಗಿರುವುದು ಊಟಿಯ ತೆಳುಗಾಳಿಯಾದ್ದರಿಂದ ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿದಿರುತ್ತದೆ; ಡಬ್ಬಿಯನ್ನು ಐದು ನಿಮಿಷ ಬಿಸಿನೀರಿನಲ್ಲಿಟ್ಟರೆ ಒಳಗಿನ ಗಾಳಿ ಹಿಗ್ಗಿ ತಾನಾಗಿ ಸಡಿಲವಾಗುತ್ತದೆ.