ಕಲ್ಲಿಗೆಂದು ತೆಗೆದ ಸಿಟಿಯಲ್ಲಿ ಸೊಂಟದ ಕೀಲನ್ನು ಓದುತ್ತಾ

ನೋವಿಲ್ಲದವರ ಸೊಂಟದ ಕೀಲು ಹೇಗಿರುತ್ತದೆ ಎಂದು ತಿಳಿಯಲು ಯಾರನ್ನೂ ಕರೆದು ಮಲಗಿಸಬೇಕಾಗಿಲ್ಲ. ಕಲಬುರಗಿಯಲ್ಲಿ ಕುಳಿತಿರುವ ನನ್ನಂಥ ರೇಡಿಯಾಲಜಿಸ್ಟ್‌ಗೆ ಕಿಡ್ನಿ ಕಲ್ಲಿನವರೇ ಸಾಕು. ಬಿಸಿಲು ಏರಿತೆಂದರೆ ನಮ್ಮ ಸಿಟಿ ಕೋಣೆಯ ಮುಂದಿನ ಬೆಂಚು ತುಂಬುತ್ತದೆ. ಕಲ್ಲಿಗಾಗಿ ಮಾಡುವ ಕೆಯುಬಿ (ಕಿಡ್ನಿ, ಮೂತ್ರನಾಳ, ಮೂತ್ರಚೀಲ) ಸಿಟಿ ಕಿಡ್ನಿಯ ಮೇಲಿನಿಂದ ಹೊರಟು ಮೂತ್ರಚೀಲ ದಾಟಿ ಪ್ಯೂಬಿಕ್ ಮೂಳೆಯ ಕೆಳಗೆ ನಿಲ್ಲುತ್ತದೆ. ಎರಡೂ ತೊಡೆಮೂಳೆಗಳ ತಲೆ, ಕತ್ತು, ಅವು ಕೂರುವ ಗುಳಿ, ಎಲ್ಲವೂ ಬೇಡವೆಂದರೂ ಚಿತ್ರದಲ್ಲಿ ಬಂದಿರುತ್ತವೆ. ಕಲ್ಲನ್ನು ಹುಡುಕಿದ ಮೇಲೆ ಹೆಚ್ಚಿನವರು ಆ ಭಾಗವನ್ನು ಹಾಗೆಯೇ ಸರಿಸಿಬಿಡುತ್ತಾರೆ. ನಾನು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಹೆಚ್ಚಿನ ವಿಕಿರಣವಿಲ್ಲ, ರೋಗಿಗೆ ಖರ್ಚಿಲ್ಲ. ಹೆಸರು ಬರೆಯದೆ ವಯಸ್ಸು, ಲಿಂಗ, ಕೋನ ಇಷ್ಟನ್ನೇ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ.

ಈ ಹವ್ಯಾಸಕ್ಕೆ ಕಾರಣವಿದೆ. ಎಂಟು ಹತ್ತು ವರ್ಷಗಳಿಂದ ನಮ್ಮ ಕಡೆಯ ಎಕ್ಸ್-ರೇ ವರದಿಗಳಲ್ಲೂ ‘ಎಫ್ಎಐ’ ಎಂಬ ಮೂರಕ್ಷರ ಹೆಚ್ಚಾಗಿ ಕಾಣಿಸತೊಡಗಿತು. ಫಿಮೊರೊ-ಅಸೆಟಾಬ್ಯುಲರ್ ಇಂಪಿಂಜ್‌ಮೆಂಟ್ ಎಂಬುದರ ಚಿಕ್ಕ ರೂಪ ಅದು. ತೊಡೆಮೂಳೆಯ ಕತ್ತು ಗುಳಿಯ ಅಂಚಿಗೆ ಹೊಡೆದುಕೊಳ್ಳುವುದು ಎಂದರ್ಥ. ಅಂಥ ವರದಿ ಹಿಡಿದು ಗಾಬರಿಯಾಗಿ ಬಂದವರಲ್ಲಿ ಎಷ್ಟೋ ಜನರಿಗೆ ಸೊಂಟದ ಕೀಲಿನಲ್ಲಿ ನೋವೇ ಇರಲಿಲ್ಲ.

ಕಲ್ಪನೆ ಹಳೆಯದು. ಸ್ಮಿತ್-ಪೀಟರ್ಸನ್ 1936ರಲ್ಲಿಯೇ ಗುಳಿಯ ಅಂಚನ್ನು ಕೆತ್ತುವ ಶಸ್ತ್ರಚಿಕಿತ್ಸೆಯನ್ನು ವಿವರಿಸಿದ್ದರು. ಈಗ ಬಳಸುವ ಚೌಕಟ್ಟು ಕೊಟ್ಟವರು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ರೈನ್‌ಹೋಲ್ಡ್ ಗಾಂಟ್ಸ್ ಮತ್ತು ಸಂಗಡಿಗರು, 2003ರಲ್ಲಿ. ಕೀಲುಸವೆತಕ್ಕೆ ಇದೂ ಒಂದು ಕಾರಣ ಎಂದು ಅವರು ವಾದಿಸಿದರು. ಅವರು ಹೇಳಿದ ಬಗೆಗಳು ಎರಡು. ಒರಳಿನ ಗುಂಡು ಪೂರ್ತಿ ದುಂಡಗಿಲ್ಲದೆ ಒಂದು ಕಡೆ ಉಬ್ಬಿದ್ದರೆ ತಿರುಗುವಾಗ ಆ ಉಬ್ಬು ಅಂಚಿಗೆ ತಾಗುತ್ತದಲ್ಲವೇ, ತೊಡೆಮೂಳೆಯ ತಲೆಯಲ್ಲಿ ಹಾಗಾದರೆ ಅದು ಕ್ಯಾಮ್. ಗುಳಿಯೇ ಆಳವಾಗಿದ್ದರೆ ಅಥವಾ ಅದರ ಮುಂದಿನ ಅಂಚು ಮುಂದಕ್ಕೆ ಚಾಚಿದ್ದರೆ ಅದು ಪಿನ್ಸರ್. ಎರಡೂ ಒಂದೇ ಕೀಲಿನಲ್ಲಿ ಇರುವುದು ಸಾಮಾನ್ಯ.

ಕ್ಯಾಮ್ ಅಳೆಯಲು ಆಲ್ಫಾ ಕೋನವಿದೆ, ಅದು ದೊಡ್ಡದಾದಷ್ಟೂ ಉಬ್ಬು ಹೆಚ್ಚು ಎಂದರ್ಥ. ನೋಟ್ಸ್ಲಿ ಮತ್ತು ಸಂಗಡಿಗರು 2002ರಲ್ಲಿ ಎಂಆರ್‌ಐ ಮೇಲೆ ಅದನ್ನು ಅಳೆದು ತೋರಿಸಿದರು. ನೋವಿದ್ದವರಲ್ಲಿ ಸರಾಸರಿ 74 ಡಿಗ್ರಿ, ಇಲ್ಲದವರಲ್ಲಿ 42. ಅಷ್ಟು ಅಂತರ ಕಂಡರೆ ಯಾರಿಗಾದರೂ ನಡುವೆ ಒಂದು ಗೆರೆ ಎಳೆದು ಆಚೆಯದು ರೋಗ, ಈಚೆಯದು ಆರೋಗ್ಯ ಎನ್ನಬೇಕು ಅನ್ನಿಸುತ್ತದೆ. ಗೆರೆಯನ್ನು 50ಕ್ಕೆ ಎಳೆದವರಿದ್ದಾರೆ, 55ಕ್ಕೆ ಎಳೆದವರಿದ್ದಾರೆ, 60ಕ್ಕೂ ಎಳೆದಿದ್ದಾರೆ. ಆದರೆ 2010ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಸೊಂಟದ ಕೀಲುನೋವೇ ಇಲ್ಲದ 200 ಸ್ವಯಂಸೇವಕರ ಎಂಆರ್‌ಐ ಮಾಡಿದಾಗ ಅವರಲ್ಲಿ ಶೇ. 14ರಷ್ಟು ಮಂದಿಗೆ ಒಂದು ಕಡೆಯಾದರೂ ಕ್ಯಾಮ್ ಇತ್ತು. ಗಂಡಸರಲ್ಲಿ ನಾಲ್ವರಿಗೆ ಒಬ್ಬರಂತೆ, ಹೆಂಗಸರಲ್ಲಿ ಇಪ್ಪತ್ತು ಮಂದಿಗೆ ಒಬ್ಬರಂತೆ. 2015ರಲ್ಲಿ ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ, ತೊಂದರೆಯಿಲ್ಲದ ಎರಡು ಸಾವಿರಕ್ಕೂ ಹೆಚ್ಚು ಕೀಲುಗಳನ್ನು ಲೆಕ್ಕ ಹಾಕಿದಾಗ ಕ್ಯಾಮ್ ಪ್ರಮಾಣ ಶೇ. 37ಕ್ಕೆ ಬಂತು. ಕ್ರೀಡಾಪಟುಗಳಲ್ಲಿ ಅದು ಶೇ. 55ರ ಹತ್ತಿರ, ಉಳಿದವರಲ್ಲಿ 23. ಗುಳಿಯ ಅಂಚಿನ ಸುತ್ತ ಬಳೆಯಂತಿರುವ ಮೆದು ಪಟ್ಟಿ, ಲೇಬ್ರಂ, ಹರಿದಂತೆ ಕಂಡದ್ದು, ಎಂಆರ್‌ಐ ಆದವರಲ್ಲಿ, ಮೂರರಲ್ಲಿ ಎರಡು ಪಾಲು. ನೋವಿಲ್ಲದವರ ಲೆಕ್ಕ ಇದು, ನೆನಪಿರಲಿ.

ಈ ಅಂಕಿಗಳನ್ನು ಓದಿದ ಮೇಲೆ ನಮ್ಮ ಬೆಂಚಿನ ಮೇಲೆ ಕೂತವರಲ್ಲಿ ಏನಿದೆ ನೋಡೋಣ ಅನ್ನಿಸಿತು.

ನಾನು ನೋಡುವ ಕ್ರಮ ಹೀಗಿದೆ. ಕಲ್ಲಿಗೆ ಸಾಕಾಗುವ ದಪ್ಪ ಸ್ಲೈಸುಗಳು ಇದಕ್ಕೆ ಸಾಲವು. ಸುಮಾರು ಒಂದು ಮಿಲಿಮೀಟರಿನ ತೆಳು ಸ್ಲೈಸುಗಳನ್ನು ಅಳಿಸದೆ ಉಳಿಸಿಕೊಳ್ಳುವಂತೆ ಟೆಕ್ನೀಷಿಯನ್‌ಗೆ ಹೇಳಿದ್ದೇನೆ. ಅವನ್ನು ಮೂಳೆಯ ವಿಂಡೋದಲ್ಲಿ, ಅಂದರೆ ಮೂಳೆ ಸ್ಪಷ್ಟವಾಗಿ ಕಾಣುವ ಹೊಂದಿಕೆಯಲ್ಲಿ, ತೆರೆದು ಮೊದಲು ಅಡ್ಡ ಮತ್ತು ನೆಟ್ಟ ಸ್ಲೈಸುಗಳ ಮೇಲೆ ಕತ್ತಿನ ಅಕ್ಷವನ್ನು ಹಿಡಿಯುತ್ತೇನೆ. ಆಮೇಲೆ ಆ ಅಕ್ಷದ ಸುತ್ತ ಗಡಿಯಾರದ ಮುಳ್ಳಿನಂತೆ ತಿರುಗುವ ಸ್ಲೈಸುಗಳನ್ನು ಮಾಡುತ್ತೇನೆ. ಹನ್ನೆರಡು ಗಂಟೆ ಎಂದರೆ ನೇರ ಮೇಲೆ, ಮೂರು ಗಂಟೆ ಎಂದರೆ ನೇರ ಮುಂದೆ. ಪ್ರತಿ ಸ್ಲೈಸಿನಲ್ಲೂ ತಲೆಗೆ ಸರಿಯಾಗಿ ಹೊಂದುವ ವೃತ್ತ ಹಾಕಿ, ಕೇಂದ್ರದಿಂದ ಕತ್ತಿನ ನಡುವಿಗೆ ಒಂದು ಗೆರೆ, ಮೂಳೆ ವೃತ್ತವನ್ನು ಬಿಟ್ಟು ಹೊರಚಾಚುವ ಮೊದಲ ಬಿಂದುವಿಗೆ ಇನ್ನೊಂದು ಗೆರೆ ಎಳೆಯುತ್ತೇನೆ. ಇವೆರಡರ ನಡುವಿನದೇ ಆಲ್ಫಾ. ದೊಡ್ಡ ಕೋನ ಸಿಗುವುದು ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸಿನಲ್ಲಿ, ಅಂದರೆ ಮುಂದೆ-ಮೇಲೆ. ಹನ್ನೆರಡಕ್ಕೆ 45 ಇದ್ದದ್ದು ಒಂದೂವರೆಗೆ 65 ಆಗಿರುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಮುಂದಿನಿಂದ ತೆಗೆದ ಸಾದಾ ಎಕ್ಸ್-ರೇ ತೋರಿಸುವುದು ಬಹುಮಟ್ಟಿಗೆ ಹನ್ನೆರಡು ಗಂಟೆಯ ಅಂಚನ್ನೇ. ಅದರಲ್ಲಿ ಕ್ಯಾಮ್ ಇಲ್ಲ ಎಂದ ಮಾತ್ರಕ್ಕೆ ಇಲ್ಲವೆಂದಲ್ಲ.

ಕೆಯುಬಿ ಸಿಟಿಯಲ್ಲಿ ಸಿಗದ ಸಂಗತಿಯೂ ಒಂದಿದೆ. ತೊಡೆಮೂಳೆಯ ತಿರುಚು ಅಳೆಯಲು ಮೊಣಕಾಲಿನ ಸ್ಲೈಸುಗಳು ಬೇಕು. ಅವು ಇದರಲ್ಲಿ ಇರುವುದಿಲ್ಲ. ಕತ್ತು ಎಷ್ಟು ಮುಂದಕ್ಕೆ ತಿರುಗಿದೆ ಎಂಬುದೂ ಅಂಚಿಗೆ ತಾಗುವುದನ್ನು ನಿರ್ಧರಿಸುತ್ತದೆ. ಆದ್ದರಿಂದ ನನ್ನ ನೋಟ್‌ಬುಕ್ಕಿನ ಕೋನ ಅರ್ಧ ಕಥೆ ಮಾತ್ರ.

ಹಾಗೆ ನೋಡುತ್ತ ಹೋದಾಗ ಕಂಡದ್ದು ಪುಸ್ತಕದಲ್ಲಿದ್ದ ದಿಕ್ಕಿನಲ್ಲೇ ಇದೆ. ಮೂವತ್ತು ನಲವತ್ತರ ಗಂಡಸರಲ್ಲಿ 55 ದಾಟಿದ ಕೋನ ಅಪರೂಪವೇನಲ್ಲ, ಹೆಂಗಸರಲ್ಲಿ ಕಡಿಮೆ. ಅಂಕಿಯಾಗಿ ಹೇಳುವಷ್ಟು ಶಿಸ್ತಿನಿಂದ ನಾನು ಎಣಿಸಿಲ್ಲ, ಎಣಿಸಿದ್ದರೂ ಕಲ್ಲಿನವರೇ ತುಂಬಿದ ಪಟ್ಟಿಯಿಂದ ಇಡೀ ಊರಿನ ಲೆಕ್ಕ ತೆಗೆಯುವಂತಿಲ್ಲ. ನನಗೆ ಮುಖ್ಯವಾದದ್ದು ಆಮೇಲಿನ ಮಾತು. ಚಿತ್ರ ನೋಡಿದ ಮೇಲೆ, ಕಲ್ಲಿನ ನೋವು ಇಂಜೆಕ್ಷನ್ನಿಗೆ ಇಳಿದಿದ್ದರೆ, ಅವರನ್ನು ಕರೆದು ಎರಡು ಪ್ರಶ್ನೆ ಕೇಳುತ್ತೇನೆ.

ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಿರಿಯರೊಬ್ಬರ ಬಲಗಡೆಯ ಕೋನ 70ರ ಮೇಲಿತ್ತು. ‘ಕಾಕಾ, ನೆಲದ ಮೇಲೆ ಕೂರಲು ತೊಡೆಸಂದಿನಲ್ಲಿ ಏನಾದರೂ ಹಿಡಿಯುತ್ತದೆಯೇ’ ಎಂದೆ. ‘ಹಿಡಿಯುವುದೇನು ಮೇಡಂ, ಊಟಕ್ಕೆ ಕೂತರೆ ಏಳುವುದೇ ಬೇಡ ಅನ್ನಿಸುತ್ತದೆ’ ಎಂದರು. ಚಕ್ಕಳಮಕ್ಕಳ ಹಾಕಿ ಕುಳಿತೂ ತೋರಿಸಿದರು. ಮಲಗಿಸಿ ತೊಡೆಯನ್ನು ಹೊಟ್ಟೆಯ ಕಡೆಗೆ ಮಡಿಸಿ, ಒಳಕ್ಕೆ ಎಳೆದು, ಪಾದವನ್ನು ಹೊರಕ್ಕೆ ತಿರುಗಿಸಿದಾಗ ಮಾತ್ರ ಬಲಗಡೆ ಎಡಗಡೆಗಿಂತ ಬೇಗ ಬಿಗಿಯಾಯಿತು. ನೋವಿರಲಿಲ್ಲ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಚಕ್ಕಳಮಕ್ಕಳದಲ್ಲಿ ತೊಡೆ ಮಡಿಸಿರುತ್ತದೆ ನಿಜ, ಆದರೆ ಹೊರಕ್ಕೆ ತಿರುಗಿ ಅಗಲವಾಗಿರುತ್ತದೆ. ಕತ್ತಿನ ಮುಂದಿನ ಉಬ್ಬು ಅಂಚಿನಿಂದ ದೂರ ಸರಿದಿರುತ್ತದೆ. ಕುಕ್ಕರುಗಾಲಿನಲ್ಲಿ ಕೂರುವವರು ಸೊಂಟದ ಮೂಳೆಯನ್ನು ಹಿಂದಕ್ಕೆ ವಾಲಿಸಿ, ಮೊಣಕಾಲುಗಳನ್ನು ಅಗಲಿಸಿ ಜಾಗ ಮಾಡಿಕೊಳ್ಳುತ್ತಾರೆ. ತಾಗುವುದು ಮಡಿಸಿ ಒಳಕ್ಕೆ ತಿರುಗಿಸಿದಾಗ. ‘ನೆಲದ ಮೇಲೆ ಕೂರುತ್ತೇನೆ, ಆದ್ದರಿಂದ ನನಗೆ ಇಂಪಿಂಜ್‌ಮೆಂಟ್ ಇಲ್ಲ’ ಎಂಬ ತರ್ಕವೂ, ‘ಉಬ್ಬು ಇದೆ, ಇನ್ನು ನೆಲದ ಮೇಲೆ ಕೂರಬೇಡಿ’ ಎಂಬ ಸಲಹೆಯೂ ನನಗೆ ಒಪ್ಪಿಗೆಯಿಲ್ಲ. ನೋವಿಲ್ಲದವರಿಗೆ ಕುರ್ಚಿ ಕಡ್ಡಾಯ ಮಾಡುವುದಕ್ಕೆ ಯಾವ ಆಧಾರವೂ ನನಗೆ ಕಂಡಿಲ್ಲ.

ಇನ್ನು ಎಕ್ಸ್-ರೇ. ನನ್ನ ಕೋಪ ಹೆಚ್ಚಾಗಿ ಇದರ ಮೇಲೆಯೇ, ಅದಕ್ಕಿಂತ ಹೆಚ್ಚಾಗಿ ಅದನ್ನು ತೆಗೆಯುವ ರೀತಿಯ ಮೇಲೆ. ಪಿನ್ಸರ್ ಎನ್ನಲು ಜನ ಬಳಸುವ ಮುಖ್ಯ ಗುರುತು ಕ್ರಾಸ್‌ಓವರ್. ಗುಳಿಯ ಮುಂದಿನ ಅಂಚಿನ ಗೆರೆ ಹಿಂದಿನ ಅಂಚಿನ ಗೆರೆಯನ್ನು ದಾಟಿ ಎಂಟರ (8) ಆಕಾರ ಮಾಡಿದರೆ ಗುಳಿ ಹಿಂದಕ್ಕೆ ತಿರುಗಿದೆ ಎಂದು ಓದುತ್ತಾರೆ. ಸೊಂಟದ ಮೂಳೆ ಮುಂದಕ್ಕೆ ವಾಲಿದಾಗ ಯಾರ ಚಿತ್ರದಲ್ಲಾದರೂ ಈ ಎಂಟು ಮೂಡಬಹುದು. ಸೀಬೆನ್‌ರಾಕ್ ಮತ್ತು ಸಂಗಡಿಗರು 2003ರಲ್ಲಿ ಶವದ ಸೊಂಟದ ಮೂಳೆಗಳನ್ನು ಬೇಕೆಂದೇ ವಾಲಿಸಿ ಚಿತ್ರ ತೆಗೆದು ಇದನ್ನು ತೋರಿಸಿದರು. ಅದಕ್ಕೇ ನಾನು ಎಂಟನ್ನು ಹುಡುಕುವ ಮೊದಲು ಚಿತ್ರ ನೆಟ್ಟಗಿದೆಯೇ ನೋಡುತ್ತೇನೆ. ಬಾಲಮೂಳೆಯ ತುದಿ ಪ್ಯೂಬಿಕ್ ಸಂಧಿಯ ನೇರಕ್ಕೆ ಬಂದಿರಬೇಕು, ಎರಡರ ನಡುವೆ ಒಂದರಿಂದ ಮೂರು ಸೆಂಟಿಮೀಟರ್ ಅಂತರವಿರಬೇಕು, ಸೊಂಟದ ಮೂಳೆಯ ಕೆಳಭಾಗದಲ್ಲಿ ಎರಡು ಕಡೆ ಇರುವ ದೊಡ್ಡ ಆಬ್ಟ್ಯುರೇಟರ್ ರಂಧ್ರಗಳು ಒಂದೇ ಅಳತೆಯಲ್ಲಿ ಕಾಣಬೇಕು. ಇಷ್ಟಿಲ್ಲದಿದ್ದರೆ ಕ್ರಾಸ್‌ಓವರ್ ಬಗ್ಗೆ ಒಂದಕ್ಷರವನ್ನೂ ಬರೆಯುವುದಿಲ್ಲ. ಒಂದೇ ಕೀಲಿನ ಮೇಲೆ ಕೇಂದ್ರ ಇಟ್ಟು ತೆಗೆದ ಚಿತ್ರದಲ್ಲಿ ಕಿರಣ ಬೇರೆ ಕೋನದಲ್ಲಿ ಬೀಳುವುದರಿಂದ ಗುಳಿಯ ತಿರುವು ಬೇರೆಯಾಗಿ ಕಾಣುತ್ತದೆ. ಅದರ ಮೇಲೂ ಈ ಓದು ಸಲ್ಲದು. ಎಲ್ಲ ಸರಿಯಿದ್ದರೂ, ಗುಳಿಯ ಮೇಲಿರುವ ಮುಂದಿನ ಮೂಳೆಮುಂಚಾಚು ದೊಡ್ಡದಾಗಿದ್ದರೆ ಅದರ ನೆರಳೇ ಎಂಟನ್ನು ಬರೆಯಬಹುದು. ಸಿಟಿ ಇದ್ದರೆ ಒಂದು ನೋಟದಲ್ಲಿ ಇದು ಬಯಲಾಗುತ್ತದೆ.

ಗುಳಿಯ ತಳ ಇಲಿಯೋ-ಇಶಿಯಲ್ ಗೆರೆಗೆ (ಎಕ್ಸ್-ರೇಯಲ್ಲಿ ಗುಳಿಯ ಒಳಬದಿಗೆ ಕಾಣುವ ಸೊಂಟದ ಮೂಳೆಯ ಗೆರೆ) ತಾಗಿದೆ, ಆದ್ದರಿಂದ ಗುಳಿ ಆಳ, ಆದ್ದರಿಂದ ಪಿನ್ಸರ್ ಎಂಬುದು ಮತ್ತೊಂದು ಸರಪಳಿ. ಆರೋಗ್ಯವಂತ ಹೆಂಗಸರಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ನಾನು ಅದನ್ನು ವರದಿಯಲ್ಲಿ ಬರೆಯುವುದನ್ನೇ ಬಿಟ್ಟಿದ್ದೇನೆ. ಆಳ ಹೇಳಬೇಕಿದ್ದರೆ ಗುಳಿ ತಲೆಯನ್ನು ಎಷ್ಟು ಮುಚ್ಚಿದೆ ಎಂದು ಹೇಳುವ, ವೀಬರ್ಗ್ 1939ರಲ್ಲಿ ಕೊಟ್ಟ ಕೋನ ಅಳೆಯುತ್ತೇನೆ. 25ರಿಂದ 39ರವರೆಗೆ ಸಹಜ, 40 ದಾಟಿದರೆ ಆಳ, 20ಕ್ಕಿಂತ ಕಡಿಮೆಯಾದರೆ ಗುಳಿಯೇ ಚಿಕ್ಕದು. ಈ ಚಿಕ್ಕ ಗುಳಿ ನನ್ನ ಕಣ್ಣಿಗೆ ಹೆಚ್ಚು ಎಚ್ಚರಿಕೆಯ ಸಂಗತಿ. ಉಬ್ಬಿನ ಗದ್ದಲದಲ್ಲಿ ಅದು ತಪ್ಪಿಸಿಕೊಳ್ಳಬಾರದು. ಕತ್ತಿನ ಮುಂಭಾಗದಲ್ಲಿ ಕಾಣುವ, ಬಿಳಿ ಅಂಚಿನ ಪುಟ್ಟ ದುಂಡು ಗುಳಿಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಅವು ಗಂಟಲ್ಲ, ಕ್ಯಾನ್ಸರ್ ಅಲ್ಲ, ನೋವಿಲ್ಲದವರಲ್ಲೂ ಸಿಗುತ್ತವೆ. ಒಮ್ಮೆ ಗುರುತು ಹತ್ತಿದರೆ ಮತ್ತೆ ಬೋನ್ ಸ್ಕ್ಯಾನಿಗೆ ಯಾರನ್ನೂ ಓಡಿಸುವುದಿಲ್ಲ.

ವರದಿಯ ಕೊನೆಯಲ್ಲಿರುವ ಅಭಿಪ್ರಾಯದ ಸಾಲುಗಳಲ್ಲಿ ನಾನು ಆಕಾರ ಬರೆಯುತ್ತೇನೆ, ರೋಗದ ಹೆಸರು ಬರೆಯುವುದಿಲ್ಲ. ‘ಬಲ ತೊಡೆಮೂಳೆಯ ತಲೆ-ಕತ್ತಿನ ಸಂಧಿಯಲ್ಲಿ ಕ್ಯಾಮ್ ಆಕಾರ, ಒಂದೂವರೆ ಗಂಟೆಯಲ್ಲಿ ಆಲ್ಫಾ 68 ಡಿಗ್ರಿ, ಕೀಲಿನ ಅಂತರ ಸಹಜ, ನೋವು ಮತ್ತು ಪರೀಕ್ಷೆಯೊಂದಿಗೆ ಹೊಂದಿಸಿ ನೋಡಿ’ ಎನ್ನುವಷ್ಟು. ಕೀಲಿಗೆ ಸಂಬಂಧವೇ ಇಲ್ಲದ ಕಾರಣಕ್ಕೆ ತೆಗೆದ ಸಿಟಿಯಾದರೆ, ಉಬ್ಬು ಸಾಧಾರಣವಾಗಿದ್ದರೆ, ಅಭಿಪ್ರಾಯದಲ್ಲಿ ಅದನ್ನು ತರುವುದೂ ಇಲ್ಲ. 2016ರ ವಾರ್ವಿಕ್ ಒಪ್ಪಂದ ಇದಕ್ಕೆ ಬಲ ಕೊಟ್ಟಿತು. ಒಂಬತ್ತು ದೇಶಗಳ ತಜ್ಞರು ಕೂತು, ತೊಂದರೆ, ದೇಹಪರೀಕ್ಷೆಯ ಲಕ್ಷಣ, ಚಿತ್ರದ ಗುರುತು ಮೂರೂ ಇದ್ದರೆ ಮಾತ್ರ ಇಂಪಿಂಜ್‌ಮೆಂಟ್ ಸಿಂಡ್ರೋಮ್ ಎನ್ನಬೇಕೆಂದು ಒಪ್ಪಿದರು. ಮೂರನೆಯದೊಂದೇ ನನ್ನ ಕೈಯಲ್ಲಿರುವುದು.

ಕಲ್ಲಿಗೂ ಈ ಕೀಲಿಗೂ ಇನ್ನೊಂದು ನಂಟಿದೆ. ಎರಡರ ನೋವೂ ತೊಡೆಸಂದಿಗೆ ಇಳಿಯುತ್ತದೆ. ಬೇರೆ ಊರಿನಿಂದ ಒಬ್ಬ ಯುವಕ ಎಕ್ಸ್-ರೇ ವರದಿ ಹಿಡಿದು ಬಂದಿದ್ದ. ಎರಡೂ ಕಡೆ ಎಫ್ಎಐ ಎಂದು ಬರೆದಿತ್ತು. ಆರ್ತ್ರೋಸ್ಕೋಪಿಗೆ (ಕೀಲಿನೊಳಗೆ ದುರ್ಬೀನು ಹಾಕಿ ಮಾಡುವ ಶಸ್ತ್ರಚಿಕಿತ್ಸೆಗೆ) ಎಷ್ಟು ಖರ್ಚಾಗುತ್ತದೆ ಎಂದು ಅವನ ಅಣ್ಣ ಆಗಲೇ ವಿಚಾರಿಸಿಕೊಂಡು ಬಂದಿದ್ದ. ‘ತಮ್ಮಾ, ಬಾಯಲ್ಲಿ ಹೇಳಬೇಡ, ಕೈಯಿಟ್ಟು ತೋರಿಸು’ ಎಂದೆ. ಕೀಲುನೋವಿನವರು ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ಬರುವಂತೆ ಅಂಗೈಯಿಂದ ಸೊಂಟದ ಬದಿಯನ್ನು ಹಿಡಿಯುತ್ತಾರೆ. ಇವನು ಬೆನ್ನಿನ ಬದಿಯಿಂದ ಆರಂಭಿಸಿ ತೊಡೆಸಂದಿನವರೆಗೆ ಬೆರಳೆಳೆದ. ಅಲೆಅಲೆಯಾಗಿ ಬರುತ್ತದೆ, ಬಂದಾಗ ಯಾವ ಕಡೆ ಮಲಗಿದರೂ ನೆಮ್ಮದಿಯಿಲ್ಲ ಎಂದ. ತೊಡೆ ಮಡಿಸಿ ಒಳಕ್ಕೆ ತಿರುಗಿಸಿದರೆ ಏನೂ ಆಗಲಿಲ್ಲ. ಸಿಟಿಯಲ್ಲಿ ಮೂತ್ರನಾಳ ಮೂತ್ರಚೀಲ ಸೇರುವಲ್ಲಿ ಒಂದು ಪುಟ್ಟ ಕಲ್ಲು ಕೂತಿತ್ತು. ಎರಡೂ ಕಡೆ ಕ್ಯಾಮ್ ಇದ್ದದ್ದೂ ನಿಜ.

ತಿರುಗುಮುರುಗಾದದ್ದೂ ಉಂಟು. ಕಬಡ್ಡಿ ಆಡುವ ಹುಡುಗನನ್ನು ಕಲ್ಲೆಂದು ಕಳಿಸಿದ್ದರು, ಕಲ್ಲಿರಲಿಲ್ಲ. ಸ್ಕೂಟರ್ ಮೇಲೆ ಕೂತರೂ, ಬಗ್ಗಿ ಎದುರಾಳಿಯ ಕಾಲು ಹಿಡಿದರೂ ತೊಡೆಸಂದಿನಲ್ಲಿ ಚುಚ್ಚುತ್ತದೆ ಎಂದ. ಮಡಿಸಿ ಒಳಕ್ಕೆ ತಿರುಗಿಸಿದ ಕ್ಷಣ ಮುಖ ಹಿಂಡಿದ. ಅವನ ಕೋನವೂ ಆ ಯುವಕನದಷ್ಟೇ. ಇವನ ವರದಿಯಲ್ಲಿ ಕ್ಯಾಮ್ ಅಭಿಪ್ರಾಯದ ಮೊದಲ ಸಾಲಿಗೆ ಬಂತು. ಮೂಳೆ ತಜ್ಞರು ಮೊದಲು ಫಿಸಿಯೋಥೆರಪಿಗೆ ಕಳಿಸಿದರು.

ಉಬ್ಬು ತೀರಾ ದೊಡ್ಡದಿದ್ದು ನೋವಿಲ್ಲದವರ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ತಡೆಯುತ್ತೇನೆ. ನೆದರ್ಲ್ಯಾಂಡ್ಸ್‌ನಲ್ಲಿ ಸಾವಿರಕ್ಕೂ ತುಸು ಹೆಚ್ಚು ಜನರನ್ನು ಐದು ವರ್ಷ ಹಿಂಬಾಲಿಸಿದ ‘ಚೆಕ್’ (CHECK) ಎಂಬ ಹೆಸರಿನ ಅಧ್ಯಯನದ ಫಲಿತಾಂಶ 2013ರಲ್ಲಿ ಬಂತು. ಕೋನ 83 ದಾಟಿದವರಲ್ಲಿ ಕೊನೆಯ ಹಂತದ ಕೀಲುಸವೆತದ ಸಾಧ್ಯತೆ ಸುಮಾರು ಹತ್ತುಪಟ್ಟು. ಅದರೊಂದಿಗೆ ಕಾಲು ಒಳಕ್ಕೆ 20 ಡಿಗ್ರಿಗಿಂತ ಹೆಚ್ಚು ತಿರುಗದಿದ್ದರೆ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಆ ಹಂತಕ್ಕೆ ಹೋದರು. ಹೆದರಿಸುವವರು ಇದನ್ನೇ ಎತ್ತಿ ಹೇಳುತ್ತಾರೆ. ಆದರೆ ಆ ಅಧ್ಯಯನಕ್ಕೆ ಸೇರಿದವರು 45ರಿಂದ 65ರ ವಯಸ್ಸಿನವರು, ಸೊಂಟದ ಕೀಲು ಅಥವಾ ಮೊಣಕಾಲಿನಲ್ಲಿ ನೋವು ಆರಂಭವಾಗಿಯೇ ವೈದ್ಯರ ಬಳಿ ಬಂದವರು. ಕಲ್ಲಿಗೆಂದು ಬಂದ ಮೂವತ್ತರ ಗಂಡಸಿಗೆ ಆ ಅಂಕಿಯನ್ನು ಹೊರಿಸುವುದು ಸರಿಯಲ್ಲ.

ಹಾಗಾಗಿ ಅಂಥವರ ಕಾಲನ್ನು ಒಮ್ಮೆ ತಿರುಗಿಸಿ ನೋಡುತ್ತೇನೆ. ಸರಾಗವಾಗಿ ತಿರುಗಿದರೆ ಸುಮ್ಮನಿರುತ್ತೇನೆ. ಬಿಗಿಯಾಗಿದ್ದರೆ ವರದಿಯಲ್ಲಿ ಕೋನ ಬರೆದು, ಮುಂದೆಂದಾದರೂ ತೊಡೆಸಂದಿನಲ್ಲಿ ವಾರಗಟ್ಟಲೆ ನೋವು ಉಳಿದರೆ ಈ ಸಿಟಿಯನ್ನು ಮೂಳೆ ತಜ್ಞರಿಗೆ ತೋರಿಸಿ ಎಂದು ಬಾಯಿಮಾತಿನಲ್ಲಿ ಹೇಳಿ, ಸಿಡಿಯನ್ನು ಫಿಲ್ಮಿನ ಕವರಿನೊಳಗೆ ಹಾಕಿಸಿ ಕೊಡುತ್ತೇನೆ.